ಕೊಸರು ಪುಸ್ತಕ

“ಎಡಕ್ಕೆ ತಿರುಗ್ಸಿ, ಎಡಕ್ಕೆ... ನಿಮ್ಮ ಎಡ ಅಲ್ಲ ಸಾರ್, ನನ್ನ ಎಡ!” ಎಂದು ಲಿಫ್ಟ್ ಮೆಕ್ಯಾನಿಕ್ ಕೆಳಗಿನ ಮೆಟ್ಟಿಲಿನಿಂದ ಕೂಗಿದ. ಸ್ಟ್ರೆಚರಿನ ಕಾಲಭಾಗ ಅವನ ಹೆಗಲ ಮೇಲಿತ್ತು. ತಲೆಭಾಗ ಹಿಡಿದಿದ್ದ ಮಗ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಹಿಂದೆಯೂ ಹೋಗಲಾರದೆ ಮುಂದೆಯೂ ಬರಲಾರದೆ ಬೆವರುತ್ತಿದ್ದ.

ಸತ್ತವಳು ಬಾಡಿಗೆ ಪುಸ್ತಕದ ಅಂಗಡಿ ನಡೆಸುತ್ತಿದ್ದ ಮುದುಕಿ. ಬಡಾವಣೆಗೆಲ್ಲ ಅವಳು ಅಂಗಡಿಯಮ್ಮ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಈ ಮೆಟ್ಟಿಲು. ಅಂಗಡಿಯಲ್ಲಿ ಹಿಡಿಸದ ಪುಸ್ತಕಗಳನ್ನು ಮೆಟ್ಟಿಲ ಎರಡೂ ಬದಿಗೆ ಪೇರಿಸುತ್ತ ಪೇರಿಸುತ್ತ ಕೊನೆಗೆ ಒಬ್ಬರು ಮೈ ಓರೆ ಮಾಡಿ ನಡೆಯುವಷ್ಟು ಜಾಗ ಉಳಿದಿತ್ತು. ಬದುಕಿದ್ದಾಗ ಅಂಗಡಿಯಮ್ಮ ಓರೆಯಾಗಿಯೇ ಇಳಿಯುತ್ತಿದ್ದಳು. ಈಗ ಅವಳನ್ನು ಓರೆ ಮಾಡುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ.

“ಮೊದ್ಲು ಈ ದರಿದ್ರ ಪುಸ್ತಕ ಎತ್ತಿ ಕೆಳಗೆ ಹಾಕಿ,” ಎಂದ ಮಗ. ಅವನು ಊರಾಚೆಯ ಸಿಮೆಂಟ್ ಏಜೆನ್ಸಿಯಲ್ಲಿ ಮ್ಯಾನೇಜರು. ಮೂಟೆ ಸಿಕ್ಕಿಕೊಂಡರೆ ಅಕ್ಕಪಕ್ಕದ ಮೂಟೆ ಎತ್ತಬೇಕೆನ್ನುವುದು ಅವನಿಗೆ ಗೊತ್ತಿದ್ದ ವಿದ್ಯೆ.

“ನಾನು ಎತ್ತಿಡ್ತೀನಿ ಅಣ್ಣ, ಒಂದ್ನಿಮಿಷ,” ಎಂದು ತಂಗಿ ಕೆಳಗಿನಿಂದ ಓಡಿ ಬಂದಳು. ಅಷ್ಟರಲ್ಲಿ ಅವನು ಮೊಣಕೈಯಿಂದ ಒಂದು ಸಾಲನ್ನು ತಳ್ಳಿಯೇಬಿಟ್ಟ. ಮೂಳೆ ಮುರಿತದ ಚಿಕಿತ್ಸೆ, ಕಳ್ಳನೊಬ್ಬನ ಆತ್ಮಕಥೆ, ಹಡಗು ಮುಳುಗಿದ ಕತೆ, ಹೂಕೋಸು ಬೆಳೆಯುವ ಕ್ರಮ, ಎರಡು ಕವನ ಸಂಗ್ರಹಗಳು ದಡಬಡನೆ ಉರುಳಿ ಅವಳ ಕಾಲಬುಡಕ್ಕೆ ಬಂದು ಬಿದ್ದವು. ಒಂದರ ಬೆನ್ನು ಬಿಟ್ಟುಕೊಂಡಿತು. ಕಳೆದ ತಿಂಗಳಷ್ಟೇ ಅವಳು ಹೊಲಿದದ್ದು ಅದು. ತಾಯಿಯ ಹೆಣ ಎದುರಿಗಿರುವಾಗ ಪುಸ್ತಕದ ಬೆನ್ನಿಗಾಗಿ ಹೊಟ್ಟೆ ಉರಿದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಆದರೂ ಹೊಟ್ಟೆ ಉರಿದದ್ದು ನಿಜ.

“ನಿಧಾನ ಸಾರ್,” ಎಂದ ಮೆಕ್ಯಾನಿಕ್. “ಲಿಫ್ಟಿನ ಬಾವೀಲಿ ಇದಕ್ಕಿಂತ ಇಕ್ಕಟ್ಟಿರುತ್ತೆ. ತಲೆ ಕಡೆ ಸ್ವಲ್ಪ ಮೇಲೆತ್ತಿ, ನಾನು ಕೂತ್ಕೋತೀನಿ.” ಅವನು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಸ್ಟ್ರೆಚರು ಅವನ ತಲೆಯ ಮೇಲಿಂದ ಜಾರಿ, ತಿರುವು ದಾಟಿ ಕೆಳಗಿಳಿಯಿತು. ತಂಗಿ ಒಮ್ಮೆ ಅವನ ಮುಖ ನೋಡಿ ಕಣ್ಣು ಕೆಳಗೆ ಹಾಕಿದಳು.

ಅಂಗಡಿಯೊಳಗೆ ಕಾದಿದ್ದ ಜನ ಎದ್ದು ನಿಂತರು. ಎಲ್ಲರೂ ಓದುಗರು. ಯಾರೋ ತಂಗಿಯ ಬೆನ್ನು ತಟ್ಟಿ, “ಧೈರ್ಯ ತಂದ್ಕೋ ಏಣಿ ಹುಡುಗಿ,” ಎಂದರು. ಚಿಕ್ಕಂದಿನಿಂದ ಏಣಿ ಹತ್ತಿ ಪುಸ್ತಕ ತೆಗೆದುಕೊಡುತ್ತಿದ್ದುದಕ್ಕೆ ಬಿದ್ದ ಹೆಸರು. ತಲೆ ನರೆತರೂ ಹೆಸರು ನರೆತಿರಲಿಲ್ಲ.

*

ಗಂಡ ಸತ್ತಾಗ ಅಂಗಡಿಯಮ್ಮನಿಗೆ ಉಳಿದದ್ದು ಇಬ್ಬರು ಮಕ್ಕಳು ಮತ್ತು ಹರಾಜಿನಲ್ಲಿ ಅವನು ಕಣ್ಣುಮುಚ್ಚಿ ಕೊಂಡು ತಂದಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಗಳು. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ತಾಳಮೇಳವಿರಲಿಲ್ಲ. ಪತ್ತೇದಾರಿ ಕಾದಂಬರಿಯ ಪಕ್ಕದಲ್ಲಿ ಜೇನು ಸಾಕಣೆ, ಅದರ ಪಕ್ಕದಲ್ಲಿ ವ್ಯಾಕರಣ. ಪತ್ತೇದಾರಿ ಮಾತ್ರ ಬಾಡಿಗೆಗೆ ಹೋಗುತ್ತಿತ್ತು. ಉಳಿದದ್ದು ಧೂಳು ತಿನ್ನುತ್ತಿತ್ತು. ಆಗ ಅವಳಿಗೆ ಹೊಳೆದದ್ದು ಕೊಸರು. ತರಕಾರಿಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವುದಿಲ್ಲವೆ, ಹಾಗೆ ಅವಳು ಕೇಳಿದ ಪುಸ್ತಕದ ಅಡಿಗೆ ಕೇಳದ ಪುಸ್ತಕವೊಂದನ್ನು ಇಟ್ಟು ಕೊಟ್ಟಳು. ಅದಕ್ಕೆ ಬಾಡಿಗೆಯಿಲ್ಲ. ಕೇಳಿದ್ದು ಯಾವ ಜಾತಿಯ ಪುಸ್ತಕವೋ ಕೊಸರು ಆ ಜಾತಿಯದಾಗಿರಬಾರದು ಎನ್ನುವುದೊಂದೇ ಅವಳ ಕಟ್ಟಳೆ.

ಕೈಗೆ ಬಂದದ್ದನ್ನು ಕೊಡುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಬಂದವರ ಮುಖವನ್ನು ಮುಜುಗರವಾಗುವಷ್ಟು ಹೊತ್ತು ದಿಟ್ಟಿಸಿ, ಏಣಿಯ ಮೇಲಿದ್ದ ಮಗಳಿಗೆ, “ಮೇಲಿನ ಅಟ್ಟ, ಬಲಗಡೆ, ಹಸಿರು ರಟ್ಟು,” ಎನ್ನುತ್ತಿದ್ದಳು. ಮಾತ್ರೆ ಮಾರಿ ಮಾರಿ ಮುಖವೇ ಕಹಿಯಾಗಿದ್ದ ಔಷಧಿ ಅಂಗಡಿಯವರಿಗೆ ಕವನ ಕೊಟ್ಟಳು. ಅವರು ಮಾರನೆಯ ವಾರ ಬಂದು, “ಇಂಥದ್ದೇ ಇನ್ನೊಂದಿದೆಯಾ?” ಎಂದು ಕೇಳಿದರು. “ಇಂಥದ್ದೇ ಬೇಕಾದ್ರೆ ಬಾಡಿಗೆ ಕೊಡಿ. ಕೊಸರು ಬೇರೆ,” ಎಂದು ಅಂಗಡಿಯಮ್ಮ ನಕ್ಕಳು. ಜನ ಪುಸ್ತಕಕ್ಕಿಂತ ಕೊಸರಿಗೇ ಬರತೊಡಗಿದರು.

ಮಗ ಓದಿ ಮುಂದೆ ಬಂದ. ಮಗಳನ್ನು ಶಾಲೆ ಬಿಡಿಸಿ ಏಣಿ ಹತ್ತಿಸಿದ್ದಾಯಿತು. ಯಾರಾದರೂ ಕೇಳಿದರೆ ಅಂಗಡಿಯಮ್ಮ, “ಇವಳಿಗೆ ಓದೋದು ಹತ್ತಲ್ಲ ಬಿಡಿ. ಕೈ ಚುರುಕು, ತಲೆ ಮೊಂಡು,” ಎನ್ನುತ್ತಿದ್ದಳು. ಮಗಳ ಎದುರಿಗೇ ಹೇಳುತ್ತಿದ್ದಳು. ಅದರಲ್ಲಿ ಮರೆಮಾಚುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ.

ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ಮಗಳ ಕೆಲಸ. ಮೇಲಿನ ಕೋಣೆಯಲ್ಲಿ ಗೋಂದು ಒಣಗುವವರೆಗೆ ಕೈಗೆ ಬೇರೆ ಕೆಲಸವಿಲ್ಲ. ಅವಳು ಓದಿದ್ದು ಹಾಗೆ. ಎಲ್ಲರಂತೆ ಮೊದಲ ಪುಟದಿಂದಲ್ಲ; ಕಿತ್ತು ಬಂದ ಹಾಳೆಗಳ ಮಡಿಕೆ ಯಾವುದೋ ಅಲ್ಲಿಂದ. ಕೊಲೆ ಯಾರು ಮಾಡಿದ್ದೆಂದು ಮೊದಲು ಗೊತ್ತಾಗಿ, ಸತ್ತವರು ಯಾರೆಂದು ಆಮೇಲೆ ಗೊತ್ತಾಗುತ್ತಿತ್ತು. ಬಹಳ ಹರಿದ ಪುಸ್ತಕ ಬಹಳ ಜನಕ್ಕೆ ಬೇಕಾದದ್ದು ಎಂದು ತಿಳಿಯಿತು. ಯಾವ ಪುಟದಲ್ಲಿ ಹರಿದಿದೆ ಎನ್ನುವುದರಿಂದ ಜನ ಎಲ್ಲಿ ತಡೆದು ನಿಂತರೆಂಬುದೂ ತಿಳಿಯಿತು. ವರ್ಷಗಳು ಕಳೆದಂತೆ ಅಂಗಡಿಯಲ್ಲಿ ಅವಳ ಕೈ ಮುಟ್ಟದ ಪುಸ್ತಕ ಉಳಿಯಲಿಲ್ಲ. ತಾಯಿ ಅದನ್ನು ಗಮನಿಸಲಿಲ್ಲ. ಗೋಂದು ಯಾಕಿಷ್ಟು ಹೊತ್ತು ಒಣಗುತ್ತದೆ ಎಂದು ಬೈಯುತ್ತಿದ್ದಳು, ಅಷ್ಟೆ.

*

ಸ್ಮಶಾನದಲ್ಲಿ ಅವರಿಗಿಂತ ಮುಂಚೆ ಬಂದ ಇನ್ನೊಂದು ಹೆಣವಿತ್ತು. ಕಾಯಬೇಕಾಯಿತು. ಕಾಯುವಾಗ ಜನ ಮಾತಾಡಲೇಬೇಕು. ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡರು.

“ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಪುಸ್ತಕ ಕೊಟ್ಟಿಲ್ಲ ಆಯಮ್ಮ. ನಮ್ಮ ಮನೆಯವಳು ತೀರ್ಕೊಂಡ್ಲಲ್ಲ, ಆವತ್ತಿಂದ ನಾನು ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ. ಅಂಗಡಿಗೆ ಹೋದೆ, ಏನೋ ಒಂದು ಕೇಳ್ದೆ. ಅದರಡೀಲಿ ಏನಿಟ್ಟು ಕೊಟ್ರು ಗೊತ್ತಾ? ಗಡಿಯಾರ ರಿಪೇರಿ ಪುಸ್ತಕ! ನಂಗೆ ನಗು ಬಂತು. ಆದ್ರೆ ರಾತ್ರಿಯೆಲ್ಲಾ ಮನೇಲಿದ್ದ ಹಳೇ ಗಡಿಯಾರ ಬಿಚ್ಚಿ ಹರಡ್ಕೊಂಡು ಕೂತೆ. ಅದೇ ನನ್ನನ್ನ ಉಳಿಸಿದ್ದು. ಪಾಪ, ಆಗಲೇ ಅವರಿಗೆ ಕಣ್ಣು ಮಂಜು ಅಂತಿದ್ರು. ಆದ್ರೂ ನೋಡಿ, ಮುಖದಲ್ಲಿ ಏನಿದೆ ಅಂತ ಅವರಿಗೆ ಕಾಣ್ತಿತ್ತು.”

ಸುತ್ತ ನಿಂತವರು ಹೌದೌದೆಂದು ತಲೆಯಾಡಿಸಿದರು. ಮಗಳು ತಲೆಯಾಡಿಸಲಿಲ್ಲ. ಔಷಧಿ ಅಂಗಡಿಯವರಿಗೆ ಕವನ ಕೊಟ್ಟದ್ದು ತಾಯಿಯೇ. ಅದು ತಾಯಿಗೇ ಸೇರಬೇಕು. ಗಡಿಯಾರ ತಾಯಿಯದಲ್ಲ. ಅವರ ಬೆರಳುಗಳು ಕೌಂಟರಿನ ಮೇಲೆ ಸುಮ್ಮನಿರಲಾರದೆ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟು ಮಾಡುತ್ತಿದ್ದುದನ್ನು ನೋಡಿದವಳು ಅವಳು. ಈ ಮನುಷ್ಯನಿಗೆ ಓದಲಿಕ್ಕೆ ಏನೂ ಬೇಡ, ಕೈಗೆ ಏನಾದರೂ ಬೇಕು ಎಂದುಕೊಂಡವಳೂ ಅವಳೇ.

ಅಣ್ಣ ಅವಳನ್ನು ಪಕ್ಕಕ್ಕೆ ಕರೆದ. “ನೋಡು, ಇವತ್ತೇ ಹೇಳ್ಬಾರ್ದು, ಆದ್ರೆ ಹೇಳ್ಲೇಬೇಕು. ಪಕ್ಕದ ಚಪ್ಪಲಿ ಅಂಗಡಿಯವನು ಗೋಡೌನಿಗೆ ಜಾಗ ಕೇಳ್ತಿದಾನೆ. ಕೆಳಗಡೆ ಅವನಿಗೆ ಕೊಟ್ಬಿಡೋಣ. ಮೇಲ್ಗಡೆ ನೀನಿರು, ಯಾರು ಬೇಡ ಅಂತಾರೆ?”

“ಅಂಗಡಿ?”

“ಇನ್ನೆಲ್ಲಿಯ ಅಂಗಡಿ? ಜನ ಬರ್ತಿದ್ದಿದ್ದು ಅಮ್ಮನ ಮುಖ ನೋಡಿ.”

“ನಾನಿದ್ದೀನಲ್ಲ ಅಣ್ಣ.”

“ನೀನು ಬೈಂಡಿಂಗ್ ಮಾಡ್ತೀಯ. ಚೆನ್ನಾಗೇ ಮಾಡ್ತೀಯ, ಇಲ್ಲ ಅನ್ನಲ್ಲ. ಯಾವ ಪುಸ್ತಕ ಯಾರಿಗೆ ಅಂತ ಹೇಳೋರು ಯಾರು?” ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಕೆಟ್ಟತನವಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. “ಒಬ್ಬರಾದ್ರೂ ನಿನ್ನ ನಂಬ್ಕೊಂಡು ಬರ್ತೀವಿ ಅಂದ್ರೆ ನಡೆಸು. ನಂದೇನೂ ಅಡ್ಡಿಯಿಲ್ಲ.”

ಒಬ್ಬರಾದರೂ. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಲ್ಲಿ ನಿಂತವರೆಲ್ಲ ಅವಳು ಆರಿಸಿದ್ದನ್ನೇ ಓದಿದವರು, ಹೇಳಿದರಾಯಿತು. ಇಷ್ಟು ವರ್ಷ ತನ್ನ ಬಾಯಿ ಕಟ್ಟಿದ್ದ ತಾಯಿ ಈಗ ಬೆಂಕಿಯ ಆಚೆ ಹೋಗುತ್ತಿದ್ದಾಳೆ.

*

ಅಂಗಡಿಯಮ್ಮನ ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಪುಸ್ತಕದ ಬೆನ್ನ ಮೇಲಿನ ಹೆಸರು ಹೋಯಿತು, ಆಮೇಲೆ ರಟ್ಟಿನ ಬಣ್ಣ ಹೋಯಿತು, ಕೊನೆಗೆ ಓದುಗರ ಮುಖವೂ ಹೋಯಿತು. ಡಾಕ್ಟರು ಕೈಚೆಲ್ಲಿದ ದಿನ ಮನೆಗೆ ಬಂದು, ಕದ ಹಾಕಿಕೊಂಡು ಅತ್ತಳು. ಆಮೇಲೆ ಎದ್ದು ಮುಖ ತೊಳೆದು, “ಯಾರಿಗೂ ಹೇಳಕೂಡದು,” ಎಂದಳು.

“ಯಾಕಮ್ಮಾ? ಕಾಯಿಲೆ ತಾನೆ?”

“ಕಣ್ಣು ಹೋದೋಳು ಪುಸ್ತಕ ಆರಿಸಿಕೊಡ್ತಾಳೆ ಅಂದ್ರೆ ನಗ್ತಾರೆ. ಸ್ವಲ್ಪ ಮಂಜು ಅಂತ ಹೇಳು, ಸಾಕು.”

ಅಂದಿನಿಂದ ಹೊಸ ಏರ್ಪಾಡು. ಓದುಗ ಬಾಗಿಲಲ್ಲಿ ಕಾಣಿಸಿದೊಡನೆ ಮಗಳು ಗಟ್ಟಿಯಾಗಿ, “ಬನ್ನಿ ಟೈಲರಮ್ಮ,” ಎನ್ನಬೇಕು. ತಾಯಿಗೆ ಯಾರೆಂದು ತಿಳಿಯಲಿಕ್ಕೆ. ಅವರು ಕೇಳಿದ್ದನ್ನು ಕೊಡುವಾಗ ಅಡಿಗೆ ಕೊಸರು ಇಟ್ಟು ತಾಯಿಯ ಕೈಗೆ ಕೊಡಬೇಕು. ಹಿಂದಿನ ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಆ ಪುಸ್ತಕದ ಸಾರವನ್ನು ಹೇಳಿರಬೇಕು, ಮೊದಲ ಕೆಲವು ಪುಟ ಓದಿ ಕೇಳಿಸಿರಬೇಕು. ತಾಯಿ ರಟ್ಟಿನ ಮೇಲೆ ಅಂಗೈ ಆಡಿಸಿ, ದಪ್ಪದಿಂದ ಯಾವುದೆಂದು ಗುರುತು ಹಿಡಿದು, “ಇದನ್ನ ನೀವು ಓದ್ಲೇಬೇಕು, ನಿಮ್ಮ ಮುಖ ನೋಡ್ತಿದ್ದ ಹಾಗೇ ಅನ್ನಿಸ್ತು,” ಎನ್ನುತ್ತಿದ್ದಳು. ಹೇಳುವ ಕಲೆ ಅವಳದೇ. ಮಗಳು ಎರಡು ವಾಕ್ಯ ಹೇಳಿದ್ದನ್ನು ಅವಳು ಬಾಯಲ್ಲಿ ನೀರೂರುವ ಹಾಗೆ ಮಾಡಿಬಿಡುತ್ತಿದ್ದಳು.

ಮೊದಮೊದಲು ಮಗಳಿಗೆ ಖುಷಿಯೇ ಆಗಿತ್ತು. ಯಾರಿಗೆ ಯಾವುದು ಎಂದು ಯೋಚಿಸುತ್ತ ಹಾಸಿಗೆಯಲ್ಲಿ ಹೊರಳಾಡುತ್ತಿದ್ದಳು. ಟೈಲರಮ್ಮನಿಗೆ ಧ್ರುವಪ್ರದೇಶದ ಯಾನ ಕೊಟ್ಟಳು. ಆಕೆ ಸೂಜಿ ಬಿಟ್ಟು ಎರಡು ದಿನ ಹಿಮದಲ್ಲಿ ಅಲೆದು ಬಂದು, “ನನ್ನ ಕಾಲು ಇನ್ನೂ ಬೆಚ್ಚಗಾಗಿಲ್ಲ ಅಂಗಡಿಯಮ್ಮಾ,” ಎಂದು ತಾಯಿಯ ಕೈ ಹಿಡಿದುಕೊಂಡಳು. ತಾಯಿ, “ನಂಗೊತ್ತಿತ್ತು,” ಎಂದಳು. ಪಕ್ಕದಲ್ಲಿ ಮಗಳು ರಟ್ಟಿಗೆ ಗೋಂದು ಹಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೇಳಿಯೇಬಿಟ್ಟಳು. “ಅಮ್ಮಾ, ಒಂದ್ಸಲ ಹೇಳು. ಇದು ನನ್ನ ಮಗಳು ಆರಿಸಿದ್ದು ಅಂತ. ಒಬ್ಬರಿಗೆ ಹೇಳಿದ್ರೂ ಸಾಕು.”

ತಾಯಿ ಕೈಯಲ್ಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟಳು. “ಜನ ಪುಸ್ತಕ ತಗೊಂಡು ಹೋಗ್ತಾರೆ ಅಂದ್ಕೊಂಡಿದ್ದೀಯಾ? ನನ್ನ ಮಾತು ತಗೊಂಡು ಹೋಗ್ತಾರೆ ಕಣೆ. ನಾನು ಕೊಟ್ರೆ ಪಂಚಾಂಗಾನೂ ಓದ್ತಾರೆ. ನೀನು ಕೊಟ್ರೆ, ಏಣಿ ಹುಡುಗಿ ತಪ್ಪು ಪುಸ್ತಕ ಇಳಿಸಿದ್ಲು ಅಂತ ವಾಪಸ್ ತಂದಿಡ್ತಾರೆ.”

ಆ ಮಾತು ಮಗಳ ಎದೆಗೆ ನೆಟ್ಟಿತು. ಅದು ಸುಳ್ಳೆಂದು ತೋರಿಸುವ ದಿನವೊಂದು ಬರಲೆಂದು ಅವಳು ಕಾಯತೊಡಗಿದಳು. ಅಂಥ ದಿನ ಯಾವಾಗ ಬರಬಲ್ಲದು ಎಂದು ಹೊಳೆದಾಗ ಮಾತ್ರ ಬೆಚ್ಚಿ, ತಾಯಿಯ ಹಾಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

*

ಸ್ಮಶಾನದ ಕೆಲಸ ಮುಗಿದು ಜನ ಗೇಟಿನ ಕಡೆ ಹೊರಟಾಗ ಲಿಫ್ಟ್ ಮೆಕ್ಯಾನಿಕ್ ಅವಳ ಹತ್ತಿರ ಬಂದ. ಜೊತೆಯಲ್ಲಿ ಅವನ ಹೆಂಡತಿ. ದುಂಡು ಮುಖದ, ಅಳುಬುರುಕ ಹೆಣ್ಣು. ಅಂಗಡಿಯಮ್ಮನನ್ನು ಎರಡು ಸಲ ನೋಡಿದ್ದಳೋ ಇಲ್ಲವೋ, ಅತ್ತು ಅತ್ತು ಮೂಗು ಕೆಂಪಾಗಿತ್ತು.

“ನಿಮ್ಗೊಂದು ವಿಷಯ ಹೇಳ್ಬೇಕು,” ಎಂದ ಮೆಕ್ಯಾನಿಕ್. “ಅಮ್ಮಾವ್ರಿಗೆ ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ, ನಾಚಿಕೆಯಾಗಿ ಬಿಟ್ಬಿಟ್ಟೆ. ನಾನು ಪತ್ತೇದಾರಿ ಬಿಟ್ರೆ ಏನೂ ಓದ್ದೋನಲ್ಲ, ಗೊತ್ತಲ್ಲ?”

ಅವಳಿಗೆ ಗೊತ್ತಿತ್ತು. ಅವನ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಕಡಿಮೆ. ಎಣ್ಣೆ ಕಲೆಯ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡೇ ಪುಸ್ತಕ ಮುಟ್ಟುತ್ತಿದ್ದ. ದಿನವೆಲ್ಲ ಲಿಫ್ಟಿನ ಕತ್ತಲೆ ಬಾವಿಯಲ್ಲಿ ಒಬ್ಬನೇ ಇರುತ್ತೇನೆ, ಮಾತು ಮರೆತುಹೋಗಿದೆ ಎಂದು ಒಮ್ಮೆ ಹೇಳಿದ್ದ. ಅವಳು ಮೊದಲು ಬಾವಲಿಗಳ ಪುಸ್ತಕ ಕೊಟ್ಟಳು. ಆಮೇಲೆ ಬಾವಿ ತೋಡುವವನ ನೆನಪುಗಳು. ಆಮೇಲೆ ಕಿವಿ ಕೇಳದ ಸಂಗೀತಗಾರನ ಜೀವನ. ಅವನು ಒಂದೊಂದನ್ನೂ ಮುಗಿಸಿ ಬಂದು ತಾಯಿಯ ಮುಂದೆ ಕೂತು ತೊದಲುತ್ತ ಮಾತಾಡುವಾಗ ಅವಳು ಏಣಿಯ ಮೇಲೆ ಬೇಕಂತಲೇ ತಡಮಾಡುತ್ತಿದ್ದಳು. ಎದುರು ನಿಂತು ಆಡಲಾರದ್ದನ್ನೆಲ್ಲ ಅವಳು ಅವನಿಗೆ ಪುಸ್ತಕವಾಗಿ ಕೊಟ್ಟಳು. ಕೊನೆಗೆ ಧೈರ್ಯ ಮಾಡಿ ಕೊಟ್ಟದ್ದು ಒಂದು ಹಳೆಯ ಕಾದಂಬರಿ: ಟಿಕೆಟ್ ಕೌಂಟರಿನ ಹುಡುಗಿಯೊಬ್ಬಳು ದಿನಾ ಬರುವ ಪ್ರಯಾಣಿಕನನ್ನು ಪ್ರೀತಿಸುವುದು, ಅವನು ತಲೆಯೆತ್ತಿ ನೋಡದಿರುವುದು. ಅದನ್ನು ಅವನಿಗೆಂದು ಹೊಸದಾಗಿ ರಟ್ಟು ಕಟ್ಟಿದ್ದಳು. ಇದಕ್ಕಿಂತ ಬಿಡಿಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

“ಒಂದು ಕಾದಂಬರಿ ಕೊಟ್ರು. ಟಿಕೆಟ್ ಕೌಂಟರ್ ಹುಡುಗೀದು,” ಎಂದ ಮೆಕ್ಯಾನಿಕ್. “ಓದಿ ಮುಗಿಸಿದ್ಮೇಲೆ ತಲೆ ಕೆಟ್ಟುಹೋಯ್ತು. ಅಯ್ಯೋ, ನಾನೂ ಹಿಂಗೇ ಇದ್ದೀನಲ್ಲ, ಯಾರೋ ಕಾಯ್ತಿರ್ಬಹುದು, ನಾನು ತಲೆಯೆತ್ತಿ ನೋಡ್ತಿಲ್ವಲ್ಲ ಅಂತ. ಮಾರನೇ ದಿನ ಆಸ್ಪತ್ರೇಲಿ ಲಿಫ್ಟ್ ಕೆಲಸ ಇತ್ತು. ಅಲ್ಲಿ ಕೌಂಟರಲ್ಲಿ ಇವಳು ಕೂತಿದ್ಲು. ತಲೆಯೆತ್ತಿ ನೋಡ್ದೆ. ಅಷ್ಟೆ.”

“ಬಂದು ನೇರವಾಗಿ ಕೇಳೇಬಿಟ್ರು,” ಎಂದಳು ಹೆಂಡತಿ ಮೂಗೊರೆಸಿಕೊಳ್ಳುತ್ತ. “ನಂಗೆ ಇವರು ಯಾರು ಅಂತಾನೇ ಗೊತ್ತಿರ್ಲಿಲ್ಲ.”

“ಅಮ್ಮಾವ್ರು ನನ್ನನ್ನ ಅರ್ಥ ಮಾಡ್ಕೊಂಡಷ್ಟು ನಮ್ಮನೆಯೋರೂ ಮಾಡ್ಕೊಂಡಿಲ್ಲ. ಆ ಪುಸ್ತಕ ಕೊಟ್ಟ ಕೈಗೆ ನಾನು ಯಾವತ್ತೂ ಋಣಿ,” ಎಂದು ಅವನು ಕೈಮುಗಿದ. ಕಣ್ಣಲ್ಲಿ ನೀರಿತ್ತು.

ಅವಳು ಅವನ ಜೋಡಿಸಿದ ಕೈಗಳನ್ನು ನೋಡಿದಳು. ಈಗ ಹೇಳಬೇಕು ಎನಿಸಿತು. ಹೇಳಿ ಏನಾಗಬೇಕು, ಇವಳ ಎದುರಿಗೆ? “ಅಮ್ಮನಿಗೆ ಕೇಳಿದ್ರೆ ಖುಷಿಯಾಗ್ತಿತ್ತು,” ಎಂದಳು. ಅದು ನಿಜವೇ ಆಗಿತ್ತು. ಅಮ್ಮ ಕುಣಿದಾಡಿಬಿಡುತ್ತಿದ್ದಳು.

*

ಹೇಳಿ ಹೇಳಿ ಅಂಗಡಿಯಮ್ಮ ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದಳು. ಕೊನೆಯ ವಾರ ಹಾಸಿಗೆ ಹಿಡಿದಾಗ ಮಗಳು ತಲೆಯ ಬಳಿ ಕೂತು ಪ್ರವಾಸ ಕಥನವೊಂದನ್ನು ಓದಿ ಹೇಳುತ್ತಿದ್ದಳು. ತಾಯಿ ಕೈ ಎತ್ತಿ ತಡೆದಳು.

“ನಾನು ಹೋದ್ಮೇಲೆ ಕೊಸರು ಕೊಡೋದು ನಿಲ್ಲಿಸ್ಬಿಡು.”

“ಯಾಕಮ್ಮಾ?”

“ಅದು ಕಲಿತು ಬರೋದಲ್ಲ. ಮುಖ ನೋಡಿದ್ರೆ ಹೊಳೀಬೇಕು. ನಂಗೆ ಹೊಳೀತಿತ್ತು. ನೀನು ಏನೋ ಒಂದು ಕೊಟ್ಟು ನನ್ನ ಹೆಸರು ಕೆಡಿಸ್ಬೇಡ.”

“ಅಮ್ಮಾ, ಇಷ್ಟು ವರ್ಷ ಆರಿಸಿದ್ದು ಯಾರು?”

“ಯಾರು ಅಂದ್ರೆ?” ಮುದುಕಿಯ ಕುರುಡು ಕಣ್ಣುಗಳು ಚಾವಣಿಯ ಕಡೆ ತಿರುಗಿದವು. ಅಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಅರ್ಥವಾಗದ ಅಚ್ಚರಿಯಿತ್ತು. “ನೀನು ಓದಿ ಹೇಳ್ತಿದ್ದೆ. ನಾನು ಯಾರಿಗೆ ಅಂತ ಹೇಳ್ತಿದ್ದೆ. ಅಲ್ವಾ?”

ಆ ದಪ್ಪ ಪುಸ್ತಕವನ್ನು ತಾಯಿಯ ಎದೆಯ ಮೇಲೆ ಎತ್ತಿಹಾಕಬೇಕೆಂಬಷ್ಟು ಸಿಟ್ಟು ಬಂತು ಮಗಳಿಗೆ.

“ನಿಲ್ಲಿಸಿದ್ದೇಕೆ? ಮುಂದೆ ಓದು,” ಎಂದಳು ತಾಯಿ.

ಅವಳು ಮುಂದೆ ಓದಿದಳು.

*

ಅಂಗಡಿಗೆ ಮರಳಿ ಬಂದಾಗ ಕೌಂಟರಿನ ಮೇಲೆ ಪುಸ್ತಕಗಳ ರಾಶಿ ಬಿದ್ದಿತ್ತು. ಯಾರು ಶುರುಮಾಡಿದರೋ, ಓದುಗರು ಮನೆಮನೆಗೆ ಹೋಗಿ ತಮ್ಮಲ್ಲಿದ್ದ ಪುಸ್ತಕಗಳನ್ನು ತಂದು ಒಪ್ಪಿಸುತ್ತಿದ್ದರು. ಸತ್ತವಳ ಸ್ವತ್ತು ಇಟ್ಟುಕೊಳ್ಳಬಾರದೆಂದು ಅವರ ಮರ್ಯಾದೆ. ಕೇಳಿ ಒಯ್ದದ್ದು, ಅದರಡಿಗೆ ಕೊಸರು, ಹೀಗೆ ಜೋಡಿಜೋಡಿಯಾಗಿ ಇಟ್ಟು, ರಾಶಿಗೆ ತಲೆಬಾಗಿ ಹೋಗುತ್ತಿದ್ದರು. ಹೂವಿಟ್ಟು ಹೋದ ಹಾಗೆಯೇ.

“ಯಾಕೆ ತರ್ತಿದ್ದೀರಿ? ಅಂಗಡಿ ಇರುತ್ತೆ,” ಎಂದಳು ಅವಳು.

“ಇರ್ಲಿ ಬಿಡಮ್ಮ,” ಎಂದರು ಔಷಧಿ ಅಂಗಡಿಯವರು, ತಮ್ಮ ಜೋಡಿಯನ್ನು ರಾಶಿಯ ಮೇಲಿಡುತ್ತ. “ಅವರೇ ಹೋದ್ಮೇಲೆ ಇನ್ನು ಕೊಸರು ಯಾರು ಕೊಡ್ತಾರೆ?”

“ನಾನು.” ಅವಳ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಮೆಟ್ಟಿಲ ಬಳಿ ಪುಸ್ತಕ ಸರಿಸುತ್ತಿದ್ದ ಅಣ್ಣ ತಿರುಗಿ ನೋಡಿದ. “ಗಡಿಯಾರದ ಪುಸ್ತಕ ನಿಮಗೆ ಆರಿಸಿದ್ದು ನಾನು. ಅಮ್ಮನಿಗೆ ಆಗ ಏನೂ ಕಾಣ್ತಿರ್ಲಿಲ್ಲ. ಮಂಜು ಅಲ್ಲ, ಪೂರ್ತಿ ಹೋಗಿತ್ತು. ಆಮೇಲೆ ನಿಮಗೆ ಬಂದ ಕೊಸರೆಲ್ಲಾ ನಂದೇ.”

ಔಷಧಿ ಅಂಗಡಿಯವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಅಮ್ಮ ಇದ್ದಾಗ ಯಾಕೆ ಹೇಳ್ಲಿಲ್ಲ?”

“ಹೇಳಬೇಡ ಅಂದಿದ್ರು.”

“ಈಗ ಅವರನ್ನ ಕೇಳೋಣ ಅಂದ್ರೆ ಅವರಿಲ್ಲ.” ಆ ಮಾತಿನಲ್ಲಿ ಅನುಮಾನಕ್ಕಿಂತ ಬೇಸರ ಹೆಚ್ಚಿತ್ತು. ಸತ್ತವಳ ಮೈಮೇಲಿಂದ ಒಡವೆ ಕೀಳುವವಳನ್ನು ನೋಡುವಂತೆ ಅವರು ಅವಳನ್ನು ನೋಡಿದರು.

“ಅವಳು ನಿನ್ನೆಯಿಂದ ನಿದ್ದೆ ಮಾಡಿಲ್ಲ, ಮನಸ್ಸಿಗೆ ಹಚ್ಕೋಬೇಡಿ,” ಎಂದ ಅಣ್ಣ.

“ನನ್ನ ತಲೆ ಸರಿಯಾಗೇ ಇದೆ,” ಎಂದು ಅವಳು ಕೌಂಟರಿನ ಕೆಳಗಿನಿಂದ ಒಂದು ಪುಸ್ತಕ ತೆಗೆದಳು. ಈ ವಾರ ಅವರು ಬಂದರೆ ಕೊಡಬೇಕೆಂದು ಆರಿಸಿ ಇಟ್ಟದ್ದು. ಬಹಳ ಯೋಚಿಸಿ ಇಟ್ಟಿದ್ದಳು. “ತಗೊಳ್ಳಿ. ಇದು ನಿಮ್ಮ ಮುಂದಿನದು. ಓದಿ ನೋಡಿ, ಆಮೇಲೆ ಹೇಳಿ.”

ಅವರು ಕೈಚಾಚಿ ತೆಗೆದುಕೊಂಡರು. ಅವರು ಒಂದೆರಡು ಹಾಳೆ ಮಗುಚಿ, ಹಿಂದೆ ಮುಂದೆ ನೋಡಿದರು.

“ಫುಟ್‌ಬಾಲ್ ಗೋಲ್‌ಕೀಪರನ ಕತೆಯಂತೆ. ನಂಗೂ ಇದಕ್ಕೂ ಏನಮ್ಮ ಸಂಬಂಧ?”

“ಗಡಿಯಾರಕ್ಕೂ ನಿಮಗೂ ಏನಿತ್ತು? ಕೊಸರು ಅಂದ್ರೆ ಅದೇ ಅಲ್ವಾ?”

“ಅದು ಬೇರೆ.” ಅವರು ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದರು. “ಅಂಗಡಿಯಮ್ಮ ಕೊಟ್ಟಿದ್ರೆ ಇದಕ್ಕೂ ಒಂದು ಅರ್ಥ ಇರ್ತಿತ್ತು.” ಪುಸ್ತಕವನ್ನು ರಾಶಿಯ ಮೇಲೆ ಇಟ್ಟು, ಅವಳ ತಲೆ ಸವರಿ ಹೊರಟುಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಚಪ್ಪಲಿ ಅಂಗಡಿಯವನು ಬಂದಿದ್ದಾನೆ, ಮೇಲ್ಗಡೆಯನ್ನೂ ನೋಡಬೇಕಂತೆ, ತೋರಿಸಿ ಬರುತ್ತೇನೆ ಎಂದು ಅಣ್ಣ ಮೇಲೆ ಹೋದ.

ತಾಯಿ ಹೇಳಿದ್ದೇ ನಿಜವಾಯಿತು ಎನ್ನುವುದು ಅವಳಿಗೆ ಎಲ್ಲಕ್ಕಿಂತ ಕಹಿಯಾಗಿತ್ತು. ಸತ್ತ ದಿನವೂ ಮುದುಕಿಯೇ ಗೆದ್ದಳು.

ಬಾಗಿಲು ಹಾಕುವ ಹೊತ್ತಿಗೆ ಲಿಫ್ಟ್ ಮೆಕ್ಯಾನಿಕ್ ಓಡೋಡಿ ಬಂದ. ಹೆಂಡತಿಯನ್ನು ಮನೆಗೆ ಬಿಟ್ಟು, ತನ್ನ ಬಳಿಯಿದ್ದ ಪುಸ್ತಕ ತಂದಿದ್ದ. ದೀಪಸ್ತಂಭ ಕಾಯುವವನೊಬ್ಬನ ದಿನಚರಿ. ಅವನ ಮದುವೆಯಾದ ಮೇಲೂ ಅವಳು ಅವನಿಗೆ ಆರಿಸುವುದನ್ನು ಬಿಟ್ಟಿರಲಿಲ್ಲ, ಬಿಡಲಿಕ್ಕೆ ಆಗಿರಲಿಲ್ಲ.

“ಅರ್ಧ ಆಗಿದೆ,” ಎಂದ. “ಇನ್ನರ್ಧ ಓದೋಕೆ ಮನಸ್ಸು ಬರ್ತಿಲ್ಲ. ಅವರೇ ಇಲ್ಲ, ಮುಗಿಸಿ ಯಾರಿಗೆ ಹೇಳೋದು?”

“ಮುಗಿಸಿ ತಂದುಕೊಡಿ,” ಎಂದಳು ಅವಳು. ಬೇಡುವ ಹಾಗಾಯಿತು ದನಿ. “ಕೊನೆಯ ಭಾಗ ತುಂಬಾ ಚೆನ್ನಾಗಿದೆ.”

ಮೆಕ್ಯಾನಿಕ್ ತಲೆಯೆತ್ತಿ ಅವಳನ್ನು ನೋಡಿದ. ಮುಖದಲ್ಲಿ ಅಚ್ಚರಿಯೂ ನಿಜವಾದ ಸಂತೋಷವೂ ಕಾಣಿಸಿತು.

“ಅರೆ, ನೀವೂ ಓದ್ತೀರಾ?”

ಅವಳು ರಾಶಿಯ ಮೇಲಿನ ಪುಸ್ತಕಗಳನ್ನು ಸರಿಪಡಿಸತೊಡಗಿದಳು. ಅವನು ಸ್ವಲ್ಪ ಕಾದು, ದುಃಖದಲ್ಲಿದ್ದಾಳೆ ಎಂದುಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ಅವಳಿಗೊಪ್ಪಿಸಿ ಬೀದಿಗಿಳಿದು ಹೋದ. ಮೇಲಿನ ಕೋಣೆಯಲ್ಲಿ ಅಣ್ಣನೂ ಚಪ್ಪಲಿ ಅಂಗಡಿಯವನೂ ಟೇಪು ಹಿಡಿದು ಅಡ್ಡಾಡುವ ಸದ್ದು ಕೇಳುತ್ತಿತ್ತು.

ಅವಳು ಪುಸ್ತಕ ತೆರೆದಳು. ನಡುವಿನಲ್ಲಿ ಒಂದು ಹಾಳೆಯ ಮೂಲೆ ಮಡಿಚಿತ್ತು. ಮಡಿಕೆಯ ಮೇಲೆ ಅವನ ಎಣ್ಣೆ ಬೆರಳಿನ ಮಾಸಲು ಗುರುತಿತ್ತು. ಅವಳು ಆ ಮೂಲೆಯನ್ನು ಬಿಡಿಸಿ, ಕೌಂಟರಿನ ಮೇಲಿಟ್ಟು, ಹೆಬ್ಬೆರಳ ಉಗುರಿನಿಂದ ತೀಡಿದಳು. ಅವನು ಎಲ್ಲಿ ನಿಲ್ಲಿಸಿದ್ದನೆಂದು ಅವಳಿಗೂ ಕಾಣದಂತಾಗುವವರೆಗೆ ತೀಡುತ್ತಲೇ ಇದ್ದಳು.